ನೆಲ ಡೊಂಕಾದರೆ ನಾದವೂ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೆಪ ಹೇಳುವವರನ್ನು ಹಂಗಿಸಲು ಈ ಗಾದೆ ಚೆನ್ನ. ಆದರೆ ಸಂಗೀತ ಕೇಳಲೆಂದು ಮನೆಗೆ ತಂದ ಧ್ವನಿವರ್ಧಕ, ಅಂದರೆ ಸ್ಪೀಕರ್, ಇದೇ ದೂರು ಹೇಳಿದರೆ ಅದನ್ನು ನಂಬಲೇಬೇಕು. ಅದರ ಮಟ್ಟಿಗೆ ನೆಲ ನಿಜಕ್ಕೂ ಡೊಂಕು. ಗೋಡೆ, ಮೂಲೆ, ಛಾವಣಿಗಳೂ ಡೊಂಕು.

ಅಂಗಡಿಯಲ್ಲಿ ಮನಸೂರೆಗೊಂಡ ಸ್ಪೀಕರ್ ಜೋಡಿ ಮನೆಗೆ ಬಂದೊಡನೆ ಗುಂಯ್‌ಗುಡತೊಡಗುತ್ತದೆ. ಮೃದಂಗದ ಎಡಮುಖದ ಪೆಟ್ಟು ಡಬ್ಬ ಬಡಿದಂತೆ ಕೇಳುತ್ತದೆ, ಹಾಡಿನ ಮಾತು ಮಸುಕಾಗುತ್ತದೆ. ಇನ್ನೂ ದುಬಾರಿಯದು ಬೇಕೆಂದು ಮಕ್ಕಳು ಹಠ ಹಿಡಿಯುತ್ತಾರೆ. ಬೆಲೆ ಕೇಳಿ ಹೆತ್ತವರು ನಿಟ್ಟುಸಿರು ಬಿಡುತ್ತಾರೆ. ಆ ಹಣ ಕೈಬಿಡುವ ಮೊದಲು ಮನೆಯಲ್ಲಿರುವ ಅಳತೆಪಟ್ಟಿಯನ್ನು ಹುಡುಕುವುದು ಜಾಣತನ.

ಇಂಥ ನಿರಾಸೆ ಘಟಾನುಘಟಿಗಳಿಗೂ ತಪ್ಪಿಲ್ಲ. ಅಮರ್ ಬೋಸ್ ಹುಟ್ಟಿದ್ದು 1929ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಂದೆ ಬಂಗಾಳದಿಂದ ವಲಸೆ ಹೋದ ಸ್ವಾತಂತ್ರ್ಯ ಹೋರಾಟಗಾರ. ಬಾಲ್ಯದಲ್ಲಿ ಪಿಟೀಲು ಕಲಿತಿದ್ದ ಬೋಸ್, 1956ರಲ್ಲಿ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಮುಗಿಸುವ ಹೊತ್ತಿಗೆ ಒಂದು ಒಳ್ಳೆಯ ಸ್ಟೀರಿಯೋ ಕೊಂಡರು. ಆಯ್ಕೆ ಮಾಡಿದ್ದು ಕಾಗದದ ಮೇಲಿನ ತಾಂತ್ರಿಕ ವಿವರ ನೋಡಿ. ಮನೆಯಲ್ಲಿ ಹಚ್ಚಿದರೆ ಪಿಟೀಲು ಪಿಟೀಲಿನಂತೆ ಕೇಳಲಿಲ್ಲ! ಅಂಕಿಗಳೆಲ್ಲ ಸರಿ, ನಾದವೇಕೆ ತಪ್ಪು? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಸಂಗೀತ ಸಭಾಂಗಣದಲ್ಲಿ ಕೇಳುಗರ ಕಿವಿ ಸೇರುವ ಶಬ್ದದ ದೊಡ್ಡ ಪಾಲು ವೇದಿಕೆಯಿಂದ ನೇರವಾಗಿ ಬರುವುದಿಲ್ಲ, ಗೋಡೆ ಛಾವಣಿಗಳಿಗೆ ತಾಗಿ ಬರುತ್ತದೆ ಎಂಬುದು ಅವರ ಗಮನಕ್ಕೆ ಬಂತು. 1964ರಲ್ಲಿ ಕಂಪನಿ ಕಟ್ಟಿದರು. 1968ರಲ್ಲಿ ಬಂದ ಅವರ '901' ಪೆಟ್ಟಿಗೆಯಲ್ಲಿದ್ದ ಒಂಬತ್ತು ಪುಟ್ಟ ಸ್ಪೀಕರ್‌ಗಳಲ್ಲಿ ಎಂಟು ಹಿಂಗೋಡೆಯತ್ತ ಮುಖ ಮಾಡಿದ್ದವು, ಒಂದು ಮಾತ್ರ ಕೇಳುಗನತ್ತ. ಅದರ ನಾದದ ಬಗ್ಗೆ ತಜ್ಞರಲ್ಲಿ ಒಮ್ಮತವಿರಲಿಲ್ಲ. ಆದರೆ ಕೋಣೆಯೂ ಸ್ಪೀಕರಿನ ಒಂದು ಭಾಗ ಎಂಬ ಮಾತನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಕಾರಣ ಶಾಲೆಯ ಭೌತಶಾಸ್ತ್ರ ಪುಸ್ತಕದಲ್ಲೇ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ಸಿಗುತ್ತದೆ. 43 ಹರ್ಟ್ಜ್‌ನ ತಗ್ಗು ಸ್ವರದ ಅಲೆ 8 ಮೀಟರ್ ಉದ್ದ. ಕೋಣೆ 4 ಮೀಟರ್ ಇದ್ದರೆ ಅಲೆಯ ಅರ್ಧ ಅದರಲ್ಲಿ ಕರಾರುವಾಕ್ಕಾಗಿ ಕೂರುತ್ತದೆ. ಎದುರುಬದುರು ಗೋಡೆಗಳ ನಡುವೆ ಹೋಗಿಬರುವ ಅಲೆಗಳು ಕೂಡಿಕೊಂಡು 'ಸ್ಥಾಯೀ ಅಲೆ' ಏಳುತ್ತದೆ. ಬಚ್ಚಲುಮನೆಯಲ್ಲಿ ಹಾಡುವಾಗ ಯಾವುದೋ ಒಂದು ಸ್ವರ ಇದ್ದಕ್ಕಿದ್ದಂತೆ ಮೊಳಗುವುದೂ ಹೀಗೆಯೇ. ಈ ಸ್ವರ ಗೋಡೆಯ ಬಳಿ ಅಬ್ಬರಿಸುತ್ತದೆ, ಕೋಣೆಯ ನಟ್ಟನಡುವೆ ಬಹುಮಟ್ಟಿಗೆ ಮಾಯವಾಗುತ್ತದೆ. ಆದ್ದರಿಂದ ಕುರ್ಚಿಯನ್ನು ಗೋಡೆಗೆ ಒರಗಿಸುವುದೂ ಸಲ್ಲ, ಸರಿಯಾಗಿ ಮಧ್ಯಕ್ಕೆ ಹಾಕುವುದೂ ಸಲ್ಲ.

ಸ್ಪೀಕರಿಗೂ ಇಂಥದೇ ಕಷ್ಟ. ಮೂಲೆಗೆ ತಳ್ಳಿದರೆ ತಗ್ಗು ಸ್ವರಗಳು ಉಬ್ಬುತ್ತವೆ. ಗೋಡೆಯಿಂದ 1 ಮೀಟರ್ ಮುಂದೆ ಇಟ್ಟರೆ? ಹಿಂದಕ್ಕೆ ಹೋದ ಅಲೆ ಗೋಡೆ ಮುಟ್ಟಿ ಬರುವಷ್ಟರಲ್ಲಿ 2 ಮೀಟರ್ ಹೆಚ್ಚು ಸಾಗಿರುತ್ತದೆ. 86 ಹರ್ಟ್ಜ್ ಅಲೆಯ ಅರ್ಧ ಉದ್ದವೂ 2 ಮೀಟರೇ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸಿಕ್ಕಿ ಆ ಸ್ವರ ಸೊರಗುತ್ತದೆ. ಎಲ್ಲ ಕೋಣೆಗೂ ಒಪ್ಪುವ ಒಂದೇ ಅಳತೆ ಇಲ್ಲ. ಒಂದೊಂದೇ ಗೇಣು ಸರಿಸಿ, ಅದೇ ಹಾಡನ್ನು ಮತ್ತೆ ಮತ್ತೆ ಕೇಳಿ ನೋಡಬೇಕು.

ಮೊದಲು ತಂತಿ ನೋಡಬೇಕು. ಆಂಪ್ಲಿಫೈಯರ್ ಆರಿಸಿ, ಎರಡೂ ಸ್ಪೀಕರ್‌ಗಳಲ್ಲಿ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿದೆಯೇ ಪರೀಕ್ಷಿಸಬೇಕು. ಒಂದರಲ್ಲಿ ಅದಲುಬದಲಾದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಸೆಳೆಯುತ್ತದೆ, ತಗ್ಗು ಸ್ವರ ಸತ್ತೇಹೋಗುತ್ತದೆ. ಬಳಿಕ ಎರಡು ಸ್ಪೀಕರ್ ಮತ್ತು ಕುರ್ಚಿ ಸಮಬಾಹು ತ್ರಿಕೋನವಾಗುವಂತೆ ಇಡಬೇಕು. ಮೇಲುಸ್ವರ ನುಡಿಸುವ ಪುಟ್ಟ ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕಿರಬೇಕು. ಇನ್ನು ಒಬ್ಬರು ಕುರ್ಚಿಯಲ್ಲಿ ಕೂತು, ಇನ್ನೊಬ್ಬರು ಪಕ್ಕದ ಗೋಡೆಯುದ್ದಕ್ಕೂ ಕನ್ನಡಿ ಸರಿಸಲಿ. ಸ್ಪೀಕರ್ ಕನ್ನಡಿಯಲ್ಲಿ ಕಂಡ ಜಾಗವೇ ಶಬ್ದ ಮೊದಲು ಪ್ರತಿಫಲಿಸುವ ಜಾಗ. ಬೆಳಕಿನ ನಿಯಮವೇ ಇಲ್ಲಿ ಶಬ್ದಕ್ಕೂ. ಅಲ್ಲಿ ದಪ್ಪ ಪರದೆಯನ್ನೋ ಪುಸ್ತಕದ ಕಪಾಟನ್ನೋ ಇಟ್ಟರೆ ಮಾತು ತಿಳಿಯಾಗುತ್ತದೆ.

ಹೋಲಿಸುವಾಗ ಕಣ್ಣು ಮುಚ್ಚಿರಬೇಕು. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಜನ ನಾಲ್ಕು ಸ್ಪೀಕರ್‌ಗಳಿಗೆ ಅಂಕ ಕೊಟ್ಟರು. ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರಿಗೆ. ಸ್ಪೀಕರ್ ಕಂಡಾಗ ಅಂಕಗಳು ಬದಲಾದವು. ಜಾಗ ಬದಲಿಸಿದ್ದರಿಂದ ನಾದದಲ್ಲಾದ ವ್ಯತ್ಯಾಸವೂ ಕಾಣದೆ ಕೇಳಿದಾಗಿನಷ್ಟು ಅವರ ಗಮನಕ್ಕೆ ಬರಲಿಲ್ಲ. ಕಣ್ಣು ಕಿವಿಗಿಂತ ಮೊದಲೇ ತೀರ್ಪು ಕೊಟ್ಟಾಗಿತ್ತು.

ಇಷ್ಟೆಲ್ಲ ಮಾಡಿಯೂ ತೃಪ್ತಿಯಾಗದಿದ್ದರೆ ಹೊಸದನ್ನು ಕೊಳ್ಳುವುದು ತಪ್ಪಲ್ಲ. ಆದರೆ ವಾಟ್ ಅಂಕಿಗೆ ಮರುಳಾಗುವುದು ಬೇಡ. 50 ವಾಟ್ 100 ಆದರೆ ಏರುವುದು ಕೇವಲ 3 ಡೆಸಿಬೆಲ್. ಸದ್ದು ಇಮ್ಮಡಿಯಾದಂತೆ ಕೇಳಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತುಪಟ್ಟು ವಾಟ್ ಬೇಕು. ಹೊಸ ಜೋಡಿ ಬಂದರೂ ಕೂರುವುದು ಅದೇ ಕೋಣೆಯಲ್ಲಿ. ಅದಕ್ಕಾಗಿ ಮಗಳು ಅಳತೆ ಬರೆದಿಟ್ಟ ಹಾಳೆಯನ್ನು ಅಪ್ಪ ಜೋಪಾನವಾಗಿ ಎತ್ತಿಡಲಿ, ಆಗಲೂ ಅದೇ ಬೇಕಾಗುತ್ತದೆ.