ಕಲಿನಾದ ಕನ್ನಡಕ್ಕೆ ಕಾವಲು ಯಾರು?

ಹೊರನಾಡ ಕನ್ನಡಿಗರ ಸಭೆ-ಸಮಾರಂಭಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ‘ಮುಂಬಯಿ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಅದು ನಮ್ಮೆಲ್ಲರ ಹೆಮ್ಮೆ’ ಎಂಬುದೇ ಆ ಮಾತು. ಸಭಿಕರು ಚಪ್ಪಾಳೆ ತಟ್ಟುತ್ತಾರೆ, ಅತಿಥಿಗಳು ಶಾಲು ಹೊದೆದು ಕೂರುತ್ತಾರೆ, ಬಳಿಕ ಎಲ್ಲರೂ ಉಪಾಹಾರಕ್ಕೆ ಏಳುತ್ತಾರೆ. ಆದರೆ ಆ ಹೆಮ್ಮೆಯ ವಿಭಾಗ ಯಾರ ಹಣದಿಂದ ನಡೆಯುತ್ತದೆ, ಅದರ ಹುದ್ದೆಗಳನ್ನು ಮಂಜೂರು ಮಾಡುವವರು ಯಾರು, ಅದರ ಪಠ್ಯಕ್ರಮವನ್ನು ನಿರ್ಧರಿಸುವ ಮಂಡಳಿಗೆ ಸದಸ್ಯರು ಬರುವುದು ಯಾವ ದಾರಿಯಿಂದ ಎಂದು ಕೇಳಿದವರನ್ನು ಬೊರಿವಲಿಯಲ್ಲಿ ನೆಲೆಸಿದ ಈ ಮೂರು ದಶಕಗಳಲ್ಲಿ ನಾನು ಕಂಡದ್ದು ಬೆರಳೆಣಿಕೆಯಷ್ಟು. ಹೆಮ್ಮೆಪಡುವುದಕ್ಕೆ ಖರ್ಚಿಲ್ಲ. ಲೆಕ್ಕ ಕೇಳುವುದಕ್ಕೆ ಶ್ರಮ ಬೇಕು. ನಾವು ಸುಲಭವಾದುದನ್ನು ಆರಿಸಿಕೊಂಡಿದ್ದೇವೆ ಎಂಬುದೇ ನನ್ನ ಆಕ್ಷೇಪ.

1857ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೆ ಸ್ವತಂತ್ರ ಸ್ನಾತಕೋತ್ತರ ವಿಭಾಗ ದೊರೆತದ್ದು ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದ ಕೊನೆಯಲ್ಲಿ. ‘ಹೊಸಗನ್ನಡದ ಅರುಣೋದಯ’ದಂತಹ ಮಹಾಪ್ರಬಂಧವನ್ನು ಬರೆದ ಶ್ರೀನಿವಾಸ ಹಾವನೂರರು, ಅವರ ನಂತರ ತಾಳ್ತಜೆ ವಸಂತಕುಮಾರರು, ಆಮೇಲೆ ಜಿ.ಎನ್. ಉಪಾಧ್ಯರು ಅದರ ಚುಕ್ಕಾಣಿ ಹಿಡಿದರು. ಹಗಲು ಹೊಟೇಲು, ಬ್ಯಾಂಕು, ಕಾರ್ಖಾನೆಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಮಕ್ಕಳು, ಕೆಲವೊಮ್ಮೆ ಸ್ವತಃ ಅವರೇ, ಕಲಿನಾದ ವಿದ್ಯಾನಗರಿಯ ಮೆಟ್ಟಿಲು ಹತ್ತಿ ಎಂ.ಎ. ಮಾಡಿದರು, ಪಿಎಚ್.ಡಿ. ಪಡೆದರು. ಮುಂಬಯಿ ಕನ್ನಡಿಗರ ಬದುಕು, ಸಂಘ-ಸಂಸ್ಥೆ, ಪತ್ರಿಕೆ, ರಂಗಭೂಮಿಗಳ ಕುರಿತು ವಿಭಾಗವು ಪುಸ್ತಕಗಳನ್ನು ಹೊರತಂದಿತು. ನಮ್ಮ ಚರಿತ್ರೆಯನ್ನು ಬರೆದಿಡುವ ಕೆಲಸವನ್ನು ಮಾಡಿದ್ದು ನಮ್ಮ ಸ್ಮರಣಸಂಚಿಕೆಗಳಿಗಿಂತ ಹೆಚ್ಚಾಗಿ ಈ ವಿಭಾಗ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಇಂತಹ ವಿಭಾಗವೊಂದು ಸಾಯುವುದು ಹೇಗೆ? ಯಾವ ಕುಲಪತಿಯೂ ‘ಕನ್ನಡ ವಿಭಾಗವನ್ನು ಮುಚ್ಚಲಾಗಿದೆ’ ಎಂದು ಆಜ್ಞೆ ಹೊರಡಿಸುವುದಿಲ್ಲ. ಹಾಗೆ ಮಾಡಿದರೆ ನಾವೆಲ್ಲ ಎದ್ದು ನಿಲ್ಲುತ್ತೇವೆಂಬುದು ಅವರಿಗೆ ಗೊತ್ತು. ವಿಭಾಗ ಸಾಯುವುದು ಸದ್ದಿಲ್ಲದೆ. ಒಬ್ಬ ಪ್ರಾಧ್ಯಾಪಕರು ನಿವೃತ್ತರಾಗುತ್ತಾರೆ, ಅವರ ಹುದ್ದೆ ತುಂಬುವುದಿಲ್ಲ. ಗಂಟೆ ಲೆಕ್ಕದ ಸಂಬಳಕ್ಕೆ ಒಬ್ಬ ತರುಣನನ್ನೋ ತರುಣಿಯನ್ನೋ ಗೊತ್ತುಮಾಡಲಾಗುತ್ತದೆ. ಹಾಗೆ ಬಂದವರಿಗೆ ಖಾಯಂ ಅಧ್ಯಾಪಕರಿಗಿರುವ ಸ್ಥಾನಮಾನವಿಲ್ಲ, ಸಭೆಗಳಲ್ಲಿ ವಿಭಾಗದ ಪರವಾಗಿ ನಿಲ್ಲುವ ಬಲವಿಲ್ಲ. ಸಂಶೋಧನ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರು ಸಾಲದಾಗುತ್ತಾರೆ. ಮಾರ್ಗದರ್ಶಕರಿಲ್ಲದ ಕಡೆ ವಿದ್ಯಾರ್ಥಿಗಳು ಬರುವುದಿಲ್ಲ. ಆಮೇಲೆ ಒಂದು ದಿನ ಅಧಿಕಾರಿಯೊಬ್ಬರು ಕಡತ ತೆರೆದು, ‘ವಿದ್ಯಾರ್ಥಿಗಳೇ ಇಲ್ಲವಲ್ಲ, ಹುದ್ದೆ ಯಾಕೆ?’ ಎಂದು ಕೇಳುತ್ತಾರೆ. ಬೇರಿಗೆ ನೀರು ನಿಲ್ಲಿಸಿ, ಎಲೆ ಉದುರಿತೆಂದು ಮರವನ್ನೇ ದೂರುವ ಕ್ರಮ ಇದು. ಮಹಾರಾಷ್ಟ್ರದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳ ದೊಡ್ಡ ಪಾಲು ವರ್ಷಗಟ್ಟಲೆ ಖಾಲಿ ಉಳಿದಿರುವುದು ಎಲ್ಲರಿಗೂ ತಿಳಿದ ಸಂಗತಿ. ದೊಡ್ಡ ವಿಭಾಗ ಎರಡು ಹುದ್ದೆ ಕಳೆದುಕೊಂಡರೂ ಉಸಿರಾಡೀತು. ಎರಡೋ ಮೂರೋ ಹುದ್ದೆಗಳ ಮೇಲೆ ನಿಂತ ಭಾಷಾ ವಿಭಾಗಕ್ಕೆ ಅಷ್ಟೇ ನಷ್ಟ ಪ್ರಾಣಾಂತಿಕ.

ಹಣದ ಮಾತಿಗೆ ಬರೋಣ. ಮಂಜೂರಾದ ಹುದ್ದೆಗಳ ಸಂಬಳ ರಾಜ್ಯ ಸರ್ಕಾರದ ಅನುದಾನದಿಂದ ಬರಬೇಕು. ಹುದ್ದೆ ತುಂಬಬೇಕಾದರೆ ಹಣಕಾಸು ಇಲಾಖೆ ತಲೆಯಾಡಿಸಬೇಕು. ಉಳಿದ ವೆಚ್ಚಕ್ಕೆ ವಿಶ್ವವಿದ್ಯಾಲಯ ನೆಚ್ಚಿಕೊಂಡಿರುವುದು ಮುಖ್ಯವಾಗಿ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ, ದೂರಶಿಕ್ಷಣದ ಶುಲ್ಕಗಳನ್ನು. ಮುಂಬಯಿಯಿಂದ ಸಿಂಧುದುರ್ಗದವರೆಗೆ ಹಬ್ಬಿದ ನೂರಾರು ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟುವ ಹಣ ಅದು. ಆ ಬುಡವೂ ಈಗ ಸಡಿಲವಾಗುತ್ತಿದೆ. 2019ರಲ್ಲಿ ಎಲ್ಫಿನ್‌ಸ್ಟನ್, ಸಿಡೆನ್‌ಹ್ಯಾಂ ಮೊದಲಾದ ಸರ್ಕಾರಿ ಕಾಲೇಜುಗಳನ್ನು ಕೂಡಿಸಿ ಹೋಮಿ ಭಾಭಾ ವಿಶ್ವವಿದ್ಯಾಲಯ ರೂಪುಗೊಂಡಿತು. ಮರುವರ್ಷ ಕೆ.ಸಿ., ಎಚ್.ಆರ್. ಕಾಲೇಜುಗಳು ಎಚ್‌ಎಸ್‌ಎನ್‌ಸಿ ವಿಶ್ವವಿದ್ಯಾಲಯವಾಗಿ ಬೇರ್ಪಟ್ಟವು. ಸ್ವಾಯತ್ತತೆ ಪಡೆದ ಕಾಲೇಜುಗಳು ತಮ್ಮ ಪರೀಕ್ಷೆಗಳನ್ನು ತಾವೇ ನಡೆಸುತ್ತಿವೆ. ಹಿರಿಯ ಮಗ ಬೇರೆ ಮನೆ ಮಾಡಿದರೆ ಕೂಡುಕುಟುಂಬದ ವರಮಾನ ಇಳಿಯುತ್ತದೆ, ಮನೆಯ ಖರ್ಚು ಇಳಿಯುವುದಿಲ್ಲ. ಆಗ ಯಾರ ತಟ್ಟೆಯಿಂದ ತುತ್ತು ಕಡಿಮೆ ಮಾಡುತ್ತಾರೆ? ಶುಲ್ಕ ತಂದುಕೊಡುವ ಸ್ವಾವಲಂಬಿ ಕೋರ್ಸುಗಳಿಂದಲ್ಲ, ಶುಲ್ಕ ತರಲಾರದ ಭಾಷೆ, ತತ್ತ್ವಶಾಸ್ತ್ರ, ಇತಿಹಾಸಗಳಿಂದ.

ಇಂತಹ ನಿರ್ಧಾರಗಳಾಗುವಾಗ ಅಧ್ಯಾಪಕರ ಮಾತಿಗೆ ಬೆಲೆಯಿತ್ತೇ? 1994ರ ಕಾಯಿದೆಯ ಕಾಲದಲ್ಲಿ ನಿಕಾಯದ ಡೀನರನ್ನು ನಿಕಾಯದ ಸದಸ್ಯರೇ ಚುನಾಯಿಸುತ್ತಿದ್ದರು. ಆ ಚುನಾವಣೆಗಳಲ್ಲಿ ಗುಂಪುಗಾರಿಕೆಯಿತ್ತು, ರಾಜಕೀಯವಿತ್ತು, ಒಪ್ಪುತ್ತೇನೆ. ಅದಕ್ಕೆ ಮದ್ದೆಂದು ಬಂದ 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯಿದೆ 2017ರ ಮಾರ್ಚ್ 1ರಿಂದ ಜಾರಿಯಾಯಿತು. ಡೀನ್ ಈಗ ಆಯ್ಕೆ ಸಮಿತಿಯ ಮೂಲಕ ನೇಮಕಗೊಳ್ಳುವ ಪೂರ್ಣಾವಧಿ ಅಧಿಕಾರಿ. ಅಭ್ಯಾಸ ಮಂಡಳಿಗಳಲ್ಲಿ ನಾಮನಿರ್ದೇಶಿತರ ಪಾಲು ಹಿರಿದಾಯಿತು. ರೋಗ ಹೋಯಿತೋ ಇಲ್ಲವೋ, ಅಧ್ಯಾಪಕನ ಧ್ವನಿಯಂತೂ ಕುಗ್ಗಿತು. ಚುನಾಯಿತನಾದವನು ತನ್ನನ್ನು ಆರಿಸಿದವರಿಗೆ ಉತ್ತರ ಕೊಡಬೇಕು. ನೇಮಕಗೊಂಡವನು ಮೇಲೆ ನೋಡುತ್ತಾನೆ.

ಮೇಲೆ ನೋಡುವ ಆಡಳಿತದ ಫಲವನ್ನು ಮುಂಬಯಿಯ ತಂದೆ-ತಾಯಿಯರು ಆ ವರ್ಷವೇ ಉಂಡರು. 2017ರಲ್ಲಿ ಸುಮಾರು 17 ಲಕ್ಷ ಉತ್ತರಪತ್ರಿಕೆಗಳನ್ನು ಗಣಕಯಂತ್ರದ ಪರದೆಯ ಮೇಲೆ ತಿದ್ದಿಸುವ ಪದ್ಧತಿಯನ್ನು, ತಕ್ಕ ಸಿದ್ಧತೆಯಿಲ್ಲದೆ, ಒಮ್ಮೆಗೇ ಹೇರಲಾಯಿತು. ಫಲಿತಾಂಶಗಳು ತಿಂಗಳುಗಟ್ಟಲೆ ತಡವಾದವು, ಉತ್ತರಪತ್ರಿಕೆಗಳು ಕಲಸಿಹೋದವು, ಉನ್ನತ ವ್ಯಾಸಂಗಕ್ಕೆ ಹೊರಟ ಮಕ್ಕಳು ಕೈಯಲ್ಲಿ ಅಂಕಪಟ್ಟಿಯಿಲ್ಲದೆ ನಿಂತರು. ಕೊನೆಗೆ ಅಕ್ಟೋಬರಿನಲ್ಲಿ ರಾಜ್ಯಪಾಲರು ಕುಲಪತಿ ಸಂಜಯ ದೇಶಮುಖರನ್ನು ಪದಚ್ಯುತಗೊಳಿಸಿದರು. ತಿದ್ದುವ ಕೈಗಳನ್ನು ಮೊದಲೇ ಕೇಳಿದ್ದರೆ, ‘ಇಷ್ಟು ಅವಧಿಯಲ್ಲಿ ಆಗದು’ ಎಂದು ಹೇಳುತ್ತಿದ್ದವು. ಅಧ್ಯಾಪಕರ ಪಾಲುದಾರಿಕೆಯೆಂಬುದು ಅವರಿಗೆ ನಾವು ಮಾಡುವ ಉಪಕಾರವಲ್ಲ, ವಿಶ್ವವಿದ್ಯಾಲಯ ಹಳ್ಳಕ್ಕೆ ಬೀಳದಂತೆ ಹಾಕಿಕೊಳ್ಳುವ ಬೇಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

2021ರ ಡಿಸೆಂಬರಿನಲ್ಲಿ ವಿಧಾನಮಂಡಲ ಇನ್ನೊಂದು ತಿದ್ದುಪಡಿಯನ್ನು ಅಂಗೀಕರಿಸಿತು. ಕುಲಪತಿಯ ನೇಮಕದಲ್ಲಿ ರಾಜ್ಯಪಾಲರ ಕೈ ಕಟ್ಟಿ ಸರ್ಕಾರದ ಕೈ ಬಿಚ್ಚುವುದೇ ಅದರ ಸಾರ. 2022ರಲ್ಲಿ ಬಂದ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಕುಲಪತಿ ಯಾರ ಮನುಷ್ಯನಾಗಬೇಕು ಎಂದು ಎರಡು ಬಣಗಳೂ ಸೆಣಸಾಡಿದವು. ಪಾಠ ಹೇಳುವವರನ್ನೂ ಕಲಿಯುವವರನ್ನೂ ಕೇಳೋಣವೆಂದು ಇಬ್ಬರಿಗೂ ಮುಖ್ಯವಾಗಿ ತೋರಲಿಲ್ಲ.

ಇನ್ನು ನಮ್ಮ ಪಾಲಿನ ಮಾತು. ಅದೇ 2016ರ ಕಾಯಿದೆ ಹಣಕಾಸಿನ ಅಂದಾಜು ಮತ್ತು ಆಯವ್ಯಯದ ವಿಷಯದಲ್ಲಿ ಸೆನೆಟ್ಟನ್ನೇ ಪ್ರಧಾನ ಪ್ರಾಧಿಕಾರವೆಂದು ಹೇಳುತ್ತದೆ. ಆ ಸೆನೆಟ್ಟಿನಲ್ಲಿ ನೋಂದಾಯಿತ ಪದವೀಧರರು ಚುನಾಯಿಸುವ 10 ಸ್ಥಾನಗಳಿವೆ. 2018ರ ಚುನಾವಣೆಯಲ್ಲಿ ಮತದಾರರ ಪಟ್ಟಿ ಅರವತ್ತು ಸಾವಿರ ದಾಟಿತ್ತು. ಒಮ್ಮೆ ತಡೆಹಿಡಿದು, ತಕರಾರು ನ್ಯಾಯಾಲಯದ ಮೆಟ್ಟಿಲೇರಿ, 2024ರ ಸೆಪ್ಟೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ ಅದು ಸುಮಾರು 13 ಸಾವಿರಕ್ಕೆ ಕುಸಿದಿತ್ತು. ಎರಡೂ ಸಲ ಹತ್ತಕ್ಕೆ ಹತ್ತು ಸ್ಥಾನಗಳನ್ನು ಯುವಸೇನೆ ಗೆದ್ದುಕೊಂಡಿತು. ಅವರು ಗೆದ್ದದ್ದಕ್ಕೆ ನನ್ನ ದೂರಿಲ್ಲ. ಸಂಘಟಿತರು ಗೆಲ್ಲುತ್ತಾರೆ. ನನ್ನ ದೂರು ನಮ್ಮವರ ಮೇಲೆ. ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ, ಮುಲುಂಡಿನಿಂದ ಡೊಂಬಿವಲಿಯವರೆಗೆ ಈ ವಿಶ್ವವಿದ್ಯಾಲಯದ ಪದವಿ ಪಡೆದ ಕನ್ನಡಿಗರು ಸಾವಿರಗಟ್ಟಲೆ ಇದ್ದಾರೆ. 13 ಸಾವಿರದ ಪಟ್ಟಿಯಲ್ಲಿ ಒಂದು ಸಾವಿರ ಹೆಸರುಗಳು ನಮ್ಮವಾಗಿದ್ದರೆ ಯಾವ ಅಭ್ಯರ್ಥಿಯೂ ನಮ್ಮ ಸಂಘದ ಬಾಗಿಲಿಗೆ ಬರದೆ ಇರಲಾರ. ಬಂದಾಗ ‘ಕನ್ನಡ ವಿಭಾಗದ ಹುದ್ದೆಗಳ ವಿಷಯವಾಗಿ ಸೆನೆಟ್ಟಿನಲ್ಲಿ ಪ್ರಶ್ನೆ ಎತ್ತುವಿರಾ?’ ಎಂದು ನೇರ ಕೇಳಬಹುದು. ಸಂಘದ ಕಾರ್ಯಕಾರಿ ಸಮಿತಿಯ ಚುನಾವಣೆಗೆ ಟ್ಯಾಕ್ಸಿ ಮಾಡಿಕೊಂಡು ಬರುವ ನಾವು ಸೆನೆಟ್ಟಿನ ಚುನಾವಣೆ ಎಂದು ನಡೆಯಿತೆಂಬುದನ್ನೇ ಅರಿಯೆವು.

ಒಳನಾಡಿನತ್ತ ಕಣ್ಣು ಹಾಯಿಸಿದರೆ ಸಮಾಧಾನವೇನೂ ಇಲ್ಲ. ಕರ್ನಾಟಕದ 2000ದ ವಿಶ್ವವಿದ್ಯಾಲಯ ಕಾಯಿದೆಯಲ್ಲಿ ಸೆನೆಟ್ಟೇ ಇಲ್ಲ, ಸಿಂಡಿಕೇಟಿನಲ್ಲಿ ಸರ್ಕಾರದ ನಾಮನಿರ್ದೇಶಿತರು ಕುಳಿತಿದ್ದಾರೆ. 1991ರಲ್ಲಿ ಹಂಪಿಯಲ್ಲಿ ನಾಡೇ ಸಂಭ್ರಮಿಸಿ ಕಟ್ಟಿದ ಕನ್ನಡ ವಿಶ್ವವಿದ್ಯಾಲಯ ಅನುದಾನವಿಲ್ಲದೆ ಬಳಲಿತು, ಅಲ್ಲಿಯ ಸಂಶೋಧನ ವಿದ್ಯಾರ್ಥಿಗಳು ಶಿಷ್ಯವೇತನಕ್ಕಾಗಿ ಧರಣಿ ಕೂರಬೇಕಾಯಿತು. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಬೀದಿಗಿಳಿದರು. ಹಿಂದಿನ ಸರ್ಕಾರ ಜಿಲ್ಲೆಗೊಂದರಂತೆ ತೆರೆದ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಬೇಕೆಂದು 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ತೀರ್ಮಾನಿಸಿತು. ಹಣ ಕೊಡದೆ ಹೆಸರು ಕೊಟ್ಟದ್ದು ಒಂದು ತಪ್ಪು. ಹಣವಿಲ್ಲವೆಂದು ಹೆಸರನ್ನೂ ಅಳಿಸಹೊರಟದ್ದು ಇನ್ನೊಂದು. ಆದ್ದರಿಂದ ‘ಬೆಂಗಳೂರು ನಮ್ಮ ವಿಭಾಗವನ್ನು ಕಾಪಾಡುತ್ತದೆ’ ಎಂದು ಕಾದು ಕೂರುವವರಿಗೆ ನಾನು ಹೇಳುವುದಿಷ್ಟೆ: ತನ್ನ ಅಂಗಳದ ಗಿಡಕ್ಕೆ ನೀರೆರೆಯದವರು ಪರವೂರಿನ ಗಿಡಕ್ಕೆ ಎರೆದಾರೆಯೇ? ಕೊಟ್ಟರೆ ಸ್ವೀಕರಿಸೋಣ, ನೆಚ್ಚಿಕೊಳ್ಳುವುದು ಬೇಡ.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಮಹಾರಾಷ್ಟ್ರದ ತೆರಿಗೆ ಹಣ ಕನ್ನಡಕ್ಕೆ ಯಾಕೆ ಎಂಬುದು ಮೊದಲನೆಯದು. ಆ ತೆರಿಗೆಯಲ್ಲಿ ನಮ್ಮ ಬೆವರೂ ಇದೆ. ಅದಲ್ಲದೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮರಾಠಿ ವಿಭಾಗವಿದೆ, ಅದು ಇರಬೇಕಾದದ್ದೇ. ನೆರೆಯ ಭಾಷೆಯನ್ನು ತನ್ನ ಮನೆಯಲ್ಲಿ ಓದಿಸುವ ವಿಶ್ವವಿದ್ಯಾಲಯ ತಾನೂ ದೊಡ್ಡದಾಗುತ್ತದೆ. ಸಂಘಗಳಲ್ಲಿ ಹಣವಿದೆ, ನಾವೇ ನಡೆಸಬಹುದಲ್ಲ ಎಂಬುದು ಎರಡನೆಯದು. ದತ್ತಿಯಿಂದ ಉಪನ್ಯಾಸ ಏರ್ಪಡಿಸಬಹುದು, ಪದಕ ಕೊಡಬಹುದು, ಪುಸ್ತಕ ಅಚ್ಚು ಹಾಕಿಸಬಹುದು. ಪ್ರಾಧ್ಯಾಪಕ ಹುದ್ದೆಯೊಂದನ್ನು ಮೂವತ್ತು ವರ್ಷ, ವೇತನಶ್ರೇಣಿ, ಪಿಂಚಣಿ ಸಹಿತ ಹೊರುವುದು ದತ್ತಿಯ ಶಕ್ತಿಗೆ ಮೀರಿದ್ದು. ಸರ್ಕಾರದ ಹೊಣೆಯನ್ನು ನಾವು ಹೊತ್ತುಕೊಂಡ ದಿನ ಸರ್ಕಾರ ಅದನ್ನು ಸಂತೋಷದಿಂದ ಇಳಿಸಿಬಿಡುತ್ತದೆ.

ಹಾಗೆಂದು ದತ್ತಿ ವ್ಯರ್ಥವಲ್ಲ. ನಮ್ಮ ಬೊರಿವಲಿಯ ಉದ್ಯಾನದೊಳಗಿನ ಕಾನ್ಹೇರಿ ಬೆಟ್ಟಕ್ಕೆ ರಜೆಯ ದಿನ ಮಕ್ಕಳನ್ನು ಕರೆದೊಯ್ಯುವವರು ಅಲ್ಲಿಯ ಒಂಬತ್ತನೆಯ ಶತಮಾನದ ಶಾಸನಗಳ ಕಡೆಗೂ ಒಮ್ಮೆ ಬೆರಳು ತೋರಿಸಲಿ. ನಮ್ಮ ಅಮೋಘವರ್ಷ ನೃಪತುಂಗನ ಆಳ್ವಿಕೆಯನ್ನು ಹೆಸರಿಸುವ ಶಾಸನಗಳವು. ಕೊಂಕಣವನ್ನು ಆಳುತ್ತಿದ್ದವರು ಅವನ ಸಾಮಂತರಾದ ಶಿಲಾಹಾರರು. ಬೌದ್ಧ ವಿಹಾರಕ್ಕೆ ದಾನಿಗಳು ದ್ರಮ್ಮಗಳಲ್ಲಿ ಅಕ್ಷಯನಿಧಿ ಇಟ್ಟದ್ದನ್ನು ಅವು ದಾಖಲಿಸುತ್ತವೆ. ಅದರಲ್ಲೊಂದು ಪೂಜೆಗಿಷ್ಟು, ವಿಹಾರದ ದುರಸ್ತಿಗಿಷ್ಟು, ಭಿಕ್ಷುಗಳ ಬಟ್ಟೆಗಿಷ್ಟು ಎಂದು ವಿಂಗಡಿಸಿ, ಪುಸ್ತಕಗಳಿಗೂ ಒಂದು ಪಾಲನ್ನು ತೆಗೆದಿರಿಸುತ್ತದೆ. ಆ ಕಾಲದ ವಿದ್ಯಾಕೇಂದ್ರದ ಬಜೆಟ್ಟು ಅದು, ಯಾರೂ ಅಳಿಸದಂತೆ, ಎಲ್ಲರೂ ಓದುವಂತೆ ಕಲ್ಲಿನಲ್ಲಿ ಕೊರೆದದ್ದು. ಇಂದಿನ ನಮ್ಮ ಸಂಘಗಳ ವಾರ್ಷಿಕ ಲೆಕ್ಕಪತ್ರದಲ್ಲಿ ಸಭಾಗೃಹದ ಬಾಡಿಗೆ, ಹಾರ, ಸ್ಮರಣಿಕೆ, ಊಟಗಳ ಬಾಬತ್ತು ಕಾಣುತ್ತದೆ. ಪುಸ್ತಕದ ಬಾಬತ್ತು ಎಷ್ಟು ಕಡೆ ಉಂಟು?

ನನ್ನ ಸೂಚನೆಗಳು ಮೂರು. ಮೊದಲನೆಯದಾಗಿ, ಪ್ರತಿ ಸಂಘವೂ ತನ್ನ ಸದಸ್ಯರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪದವೀಧರರ ಪಟ್ಟಿ ಮಾಡಲಿ. ಸೆನೆಟ್ಟಿನ ಅವಧಿ ಐದು ವರ್ಷ. ಮುಂದಿನ ನೋಂದಣಿ ಆರಂಭವಾದ ವಾರದಲ್ಲೇ ಅರ್ಜಿ ತುಂಬಿಸಲು ಇಬ್ಬರು ತರುಣರನ್ನು ನೇಮಿಸಲಿ. ಎರಡನೆಯದಾಗಿ, ವಿಶ್ವವಿದ್ಯಾಲಯದ ಬಜೆಟ್ ಸೆನೆಟ್ಟಿನ ಮುಂದೆ ಬರುವ ಪ್ರತಿ ವರ್ಷ, ಕನ್ನಡ ವಿಭಾಗದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ತುಂಬಿದವೆಷ್ಟು ಎಂಬ ಎರಡು ಅಂಕೆಗಳನ್ನು ಮಾಹಿತಿ ಹಕ್ಕಿನ ಅರ್ಜಿಯಿಂದ ಪಡೆದು ನಮ್ಮ ಪತ್ರಿಕೆಗಳು ಪ್ರಕಟಿಸಲಿ, ನಮ್ಮ ಮತ ಕೇಳಲು ಬರುವ ಶಾಸಕರ ಮುಂದೆಯೂ ಇಡಲಿ. ಮೂರನೆಯದಾಗಿ, ಇದು ಕನ್ನಡದ ಒಂಟಿ ಜಗಳವಾಗದಿರಲಿ. ಗುಜರಾತಿ, ಸಿಂಧಿ, ಉರ್ದು ಬಲ್ಲವರೂ, ಅಧ್ಯಾಪಕ ಸಂಘಟನೆಗಳೂ, ಮರಾಠಿ ವಿದ್ವಾಂಸರೂ ಜೊತೆಗೂಡಬೇಕಾದ ಕೆಲಸವಿದು. ಹುದ್ದೆ ಖಾಲಿ ಬಿಡುವ ನೀತಿ ಭಾಷೆ ನೋಡಿ ಹೊಡೆಯುವುದಿಲ್ಲ, ಚಿಕ್ಕವರನ್ನು ನೋಡಿ ಹೊಡೆಯುತ್ತದೆ.

ಅಭಿಮಾನ ನಮ್ಮಲ್ಲಿ ಬೇಕಾದಷ್ಟಿದೆ, ಅದರ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ವಿಶ್ವವಿದ್ಯಾಲಯದ ಕಡತ ಅಭಿಮಾನವನ್ನು ಓದುವುದಿಲ್ಲ, ಸಹಿಯನ್ನೂ ಸಂಖ್ಯೆಯನ್ನೂ ಓದುತ್ತದೆ. ಮುಂದಿನ ಸನ್ಮಾನಕ್ಕೆ ಶಾಲು ಕೊಳ್ಳಲು ಹೊರಡುವ ಪದಾಧಿಕಾರಿಗಳು ದಾರಿಯಲ್ಲಿ ಒಂದು ಕ್ಷಣ ನಿಂತು, ತಮ್ಮ ಪದವಿ ಪ್ರಮಾಣಪತ್ರ ಯಾವ ಪೆಟ್ಟಿಗೆಯಲ್ಲಿದೆಯೆಂದು ನೆನಪಿಸಿಕೊಳ್ಳಲಿ. ಕನ್ನಡ ವಿಭಾಗಕ್ಕೆ ಈಗ ಬೇಕಾಗಿರುವುದು ಆ ಕಾಗದ.