ಕಸ ಹೋಗುವುದೆಲ್ಲಿಗೆ?

ಹಿಂದೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಒಕ್ಕಲುತನದ ಮನೆಯೆಂದರೆ ಅದಕ್ಕೊಂದು ತಿಪ್ಪೆ ಇದ್ದೇ ಇರುತ್ತಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಅಂಗಳದ ತರಗು, ಸೊಪ್ಪಿನ ಕಡ್ಡಿ, ಎಲ್ಲವೂ ಅಲ್ಲಿ ಸೇರುತ್ತಿದ್ದುವು. ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ, ತರಕಾರಿಯ ಸಿಪ್ಪೆಗಳು ಕಲಗಚ್ಚಾಗಿ ದನಗಳ ಪಾಲಿಗೆ ಹೋಗುತ್ತಿದ್ದುವು. ಮುಂಗಾರಿಗೆ ಮುನ್ನ, ಕೊಳೆತು ಹದವಾದ ತಿಪ್ಪೆಯ ಗೊಬ್ಬರ ಗಾಡಿಯೇರಿ ಹೊಲವನ್ನು ಸೇರುತ್ತಿತ್ತು. ಸುಗ್ಗಿಯಲ್ಲಿ ರಾಗಿಯಾಗಿ, ಅವರೆಯಾಗಿ ಅದೇ ಮನೆಗೆ ಹಿಂದಿರುಗುತ್ತಿತ್ತು. ಈ ಪದ್ಧತಿ ಇಂದಿಗೂ ಹಲವು ಹಳ್ಳಿಗಳಲ್ಲಿ ಉಳಿದಿದೆ. ತನ್ನ ಮನೆಯ ಕಸ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂಬುದು ಅಲ್ಲಿನ ರೈತನಿಗೆ ಚೆನ್ನಾಗಿ ಗೊತ್ತು.

ಪಟ್ಟಣವಾಸಿಗೆ ಈ ತಿಳಿವಳಿಕೆ ಇಲ್ಲ. ಬೆಳಗ್ಗೆ ಬಾಗಿಲಿಗೆ ಬಂದ ಗಾಡಿಗೆ ಬುಟ್ಟಿಯನ್ನು ಬರಿದುಮಾಡಿದೊಡನೆ ತನ್ನ ಹೊಣೆ ಮುಗಿಯಿತೆಂದು ಆತ ಭಾವಿಸುತ್ತಾನೆ. ಆದರೆ ಕಣ್ಣಿಗೆ ಮರೆಯಾದ ಮಾತ್ರಕ್ಕೆ ಕಸ ಇಲ್ಲವಾಗುವುದಿಲ್ಲ. ಒಬ್ಬರ ಮನೆಯಿಂದ ಹೊರಟದ್ದು ಮತ್ತೊಬ್ಬರ ಊರನ್ನು ಸೇರಲೇಬೇಕು.

ಬೆಂಗಳೂರಿನ ಅನುಭವ ಇದಕ್ಕೆ ಸಾಕ್ಷಿ. ಆ ಮಹಾನಗರದಲ್ಲಿ ದಿನವೊಂದಕ್ಕೆ ಸಾವಿರಾರು ಟನ್ನುಗಳಷ್ಟು ಕಸ ಹುಟ್ಟುತ್ತದೆ. ನಗರದ ಉತ್ತರಕ್ಕಿರುವ ಮಾವಳ್ಳಿಪುರ, ಪೂರ್ವಕ್ಕಿರುವ ಮಂಡೂರು ಎಂಬ ಹಳ್ಳಿಗಳ ಬಳಿ ಅದನ್ನು ವರ್ಷಗಟ್ಟಲೆ ಸುರಿಯಲಾಯಿತು. ದುರ್ನಾತ, ನೊಣ, ಬೀದಿನಾಯಿಗಳ ಹಾವಳಿ, ಕೆಟ್ಟುಹೋದ ಬಾವಿಯ ನೀರು ಆ ಹಳ್ಳಿಗರ ಪಾಲಿಗೆ ಬಂದುವು. 2012ರಲ್ಲಿ ಮಾವಳ್ಳಿಪುರದ ರಾಶಿಗೆ ಕಸ ಸಾಗಿಸುವುದು ನಿಂತಾಗ, ಉದ್ಯಾನನಗರಿಯೆಂದು ಹೆಸರಾದ ಊರಿನ ಬೀದಿಗಳಲ್ಲಿಯೇ ಕಸ ದಿನಗಟ್ಟಲೆ ಕೊಳೆತು ನಾರಿತು. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಲಾರಿಗಳನ್ನು ತಡೆದರು. ಆ ವರ್ಷದ ಡಿಸೆಂಬರಿನಿಂದ ಅಲ್ಲಿಗೂ ಕಸ ಹೋಗುವುದು ನಿಂತಿತು. ಬಳಿಕ ಲಾರಿಗಳು ಹಳೆಯ ಕಲ್ಲುಗಣಿಗಳ ಕಡೆಗೆ ತಿರುಗಿದುವು. ಸ್ಥಳ ಬದಲಾಯಿತೇ ಹೊರತು ಸಮಸ್ಯೆ ಬಗೆಹರಿಯಲಿಲ್ಲ. ಇದನ್ನು ತಿಪ್ಪೆ ಸಾರಿಸುವ ಕೆಲಸವೆಂದರೆ ತಪ್ಪಾಗದು.

ಹಳ್ಳಿಯ ತಿಪ್ಪೆ ಹೊಲಕ್ಕೆ ಹಿತವಾದರೆ ನಗರದ ತಿಪ್ಪೆ ವಿಷವಾಗುವುದೇಕೆ? ಕಾರಣ ಸರಳವಾದುದು. ನಗರದ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಅಡುಗೆಮನೆಯ ಹಸಿಕಸ. ಅದನ್ನು ಬೇರೆಯಾಗಿಟ್ಟು ಗಾಳಿಯಾಡುವಂತೆ ಹದಮಾಡಿದರೆ, ಸೂಕ್ಷ್ಮ ಜೀವಿಗಳು ಕೆಲವೇ ತಿಂಗಳುಗಳಲ್ಲಿ ಅದನ್ನು ಮಣ್ಣಿನ ವಾಸನೆಯ ಗೊಬ್ಬರವಾಗಿ ಮಾರ್ಪಡಿಸುತ್ತವೆ. ಅದೇ ಹಸಿಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಗಾಜು, ಬಟ್ಟೆ, ಬ್ಯಾಟರಿಗಳೊಡನೆ ಬೆಟ್ಟದಂತೆ ಒಟ್ಟಿದರೆ ಒಳಗೆ ಗಾಳಿ ಸುಳಿಯದು. ಆಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ಅದು ಬೆಂಕಿಗೆ ಎಡೆಮಾಡಿಕೊಡುವುದಲ್ಲದೆ, ಭೂಮಿಯ ತಾಪವನ್ನು ಏರಿಸುವುದರಲ್ಲಿ ಇಂಗಾಲದ ಡೈಆಕ್ಸೈಡನ್ನು ಬಹುಪಟ್ಟು ಮೀರಿಸುತ್ತದೆ. ರಾಶಿಯ ಅಡಿಯಿಂದ ಒಸರುವ ಕಪ್ಪು ಕೊಳೆನೀರು ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸುತ್ತದೆ. ಹಸಿಕಸದಿಂದ ಮಲಿನವಾದ ಕಾಗದವೂ ಪ್ಲಾಸ್ಟಿಕ್ಕೂ ಮರುಬಳಕೆಗೆ ಒದಗವು. ಹೀಗೆ, ಬೇರೆ ಬೇರೆಯಾಗಿದ್ದರೆ ಸಂಪತ್ತಾಗಬಲ್ಲ ವಸ್ತುಗಳು ಬೆರೆತೊಡನೆ ಕೇಡಾಗುತ್ತವೆ.

ಈ ಅರಿವು ಹೊಸದೇನಲ್ಲ. ನಗರದ ಕಸವನ್ನು ಬೇಸಾಯಕ್ಕೆ ಗೊಬ್ಬರವಾಗಿಸಲೆಂದು ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು 1975ರಲ್ಲಿಯೇ ಸ್ಥಾಪಿತವಾಯಿತು. ಆಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕ ಫಲವಾಗಿ, 2000ದಲ್ಲಿ ನಗರಗಳ ಘನತ್ಯಾಜ್ಯವನ್ನು ಕುರಿತ ನಿಯಮಗಳು ದೇಶಕ್ಕೆಲ್ಲ ಅನ್ವಯವಾಗುವಂತೆ ಹೊರಬಂದುವು. 2016ರ ನಿಯಮಗಳು ಇನ್ನೂ ಮುಂದೆ ಹೋಗಿ, ಹಸಿಕಸ, ಒಣಕಸ, ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ವಿಂಗಡಿಸುವುದು ಪ್ರತಿಯೊಬ್ಬರ ಕರ್ತವ್ಯವೆಂದು ವಿಧಿಸಿದುವು. ನಿಯಮಗಳಿಗೆ ಕೊರತೆಯಿಲ್ಲ; ಅವು ಅಡುಗೆಮನೆಯವರೆಗೆ ಬಂದು ಮುಟ್ಟಬೇಕಾಗಿದೆ.

“ತೆರಿಗೆ ಕೊಟ್ಟಿರುವಾಗ ಕಸ ವಿಂಗಡಿಸುವ ಗೊಡವೆ ನಮಗೇಕೆ?” ಎಂದು ಕೆಲವರು ಕೇಳುವುದುಂಟು. ಅಡುಗೆಮನೆಯಲ್ಲಿ ಸಿಪ್ಪೆಯನ್ನು ಒಂದು ಬುಟ್ಟಿಗೂ ಕಾಗದವನ್ನು ಇನ್ನೊಂದಕ್ಕೂ ಹಾಕಲು ಕ್ಷಣಮಾತ್ರ ಸಾಕು. ಅದನ್ನು ಮಾಡದಿದ್ದಲ್ಲಿ, ಕೊಳೆತ ರಾಶಿಯೊಳಗೆ ಕೈಯಿಟ್ಟು ಆ ಕೆಲಸವನ್ನು ಮಾಡಬೇಕಾದವರು ಪೌರಕಾರ್ಮಿಕರು. ಒಡೆದ ಗಾಜು, ಕ್ಷೌರದ ಬ್ಲೇಡು, ಬಳಸಿದ ಸೂಜಿ ಅವರ ಕೈಗಳನ್ನು ಸೀಳುತ್ತವೆ. ತೆರಿಗೆಯ ಹಣದಿಂದ ಸೇವೆಯನ್ನು ಪಡೆಯಬಹುದು. ಇನ್ನೊಬ್ಬರ ಆರೋಗ್ಯವನ್ನು ಕೊಳ್ಳುವ ಹಕ್ಕು ಅದರಿಂದ ಬಾರದು. ಈ ಕೆಲಸವನ್ನು ತಲೆತಲಾಂತರದಿಂದ ಕೆಲವೇ ಜಾತಿಗಳ ಹೆಗಲಿಗೆ ಹೊರಿಸಿ ಬಂದ ಸಮಾಜ ಈ ಮಾತನ್ನು ಮರೆಯುವಂತಿಲ್ಲ.

ಮನೆಯಲ್ಲಿ ವಿಂಗಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲಿ ಮತ್ತೆ ಬೆರೆಸಿಬಿಡುತ್ತಾರೆಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಪೌರರು ತಮ್ಮ ಕರ್ತವ್ಯವನ್ನು ಮಾಡಿದ ಮೇಲೆ ನಗರಾಡಳಿತವು ತನ್ನದನ್ನು ಮಾಡದಿರುವುದು ಅಕ್ಷಮ್ಯ. ಬೇರೆ ಬೇರೆಯಾಗಿ ಸಾಗಿಸುವ ವ್ಯವಸ್ಥೆ, ಬಡಾವಣೆಗೊಂದು ಗೊಬ್ಬರದ ಗುಂಡಿ, ಕಾರ್ಮಿಕರಿಗೆ ಕೈಗವಸು ಮತ್ತು ಸಕಾಲದಲ್ಲಿ ಸಂಬಳ, ಇವು ಅದರ ಹೊಣೆ. ಆದರೆ ಒಬ್ಬರ ತಪ್ಪು ಇನ್ನೊಬ್ಬರ ಆಲಸ್ಯಕ್ಕೆ ನೆಪವಾಗಬಾರದು. ವಿಂಗಡಿಸಿ ಕೊಟ್ಟವನಿಗೆ ಮಾತ್ರವೇ, ಬೆರೆಸಿದ್ದೇಕೆಂದು ಕೇಳುವ ಅಧಿಕಾರವಿರುತ್ತದೆ.

ತನ್ನ ಮನೆಯನ್ನು ಚೊಕ್ಕಟವಾಗಿಟ್ಟು ನೆರೆಯ ಅಂಗಳಕ್ಕೆ ಕಸವನ್ನು ಗುಡಿಸುವವನನ್ನು ಯಾರೂ ಶುಚಿವಂತನೆನ್ನುವುದಿಲ್ಲ. ಮಂಡೂರು ಬೆಂಗಳೂರಿನಿಂದ ಎಷ್ಟು ದೂರವಿದ್ದರೂ ಅದು ನೆರೆಯ ಅಂಗಳವೇ. ಅಡುಗೆಮನೆಯ ಮೂಲೆಯಲ್ಲಿ ಎರಡನೆಯ ಬುಟ್ಟಿಯೊಂದನ್ನಿಡುವುದು ಅಲ್ಪಕಾರ್ಯವೆಂದು ತೋರಬಹುದು; ಆದರೆ ಆ ಅಂಗಳದಲ್ಲಿ ಬಾಳುವವರಿಗೆ ಸಲ್ಲಬೇಕಾದ ನ್ಯಾಯ ಅಲ್ಲಿಂದಲೇ ಮೊದಲಾಗುತ್ತದೆ.