ಶಾಲೆಗೊಂದು ಸೂರು: ಸಂಕೇಶ್ವರದ ಮುಂದಿರುವ ಹೊಣೆ

ಏಳನೆಯ ತರಗತಿಗೆ ಓದು ನಿಲ್ಲಿಸಿದ ಹೆಣ್ಣುಮಗಳು, ಹೆದ್ದಾರಿಯ ಗ್ಯಾರೇಜಿಗೆ ಸೇರಿದ ಹುಡುಗ, ಕುರ್‌ಆನ್ ಕಂಠಪಾಠ ಮುಗಿಸಿ ಗಣಿತ, ವಿಜ್ಞಾನಗಳ ಬಾಗಿಲಲ್ಲಿ ನಿಂತ ಹಾಫಿಝ್, ಕಬ್ಬಿನ ಹಂಗಾಮಿನಲ್ಲಿ ತಾಯಿತಂದೆಯರೊಡನೆ ಅಲೆಯುವ ಮಗು. ಇವರಿಗೆ ಸಾಮಾನ್ಯ ಶಾಲೆಯ ವೇಳಾಪಟ್ಟಿ ಹೊಂದುವುದಿಲ್ಲ. ಇವರಿಗಾಗಿ ಪರ್ಯಾಯ ಶಾಲೆಯೊಂದು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಮಾತು ಬಂದು ನಿಲ್ಲುವುದು ಕಟ್ಟಡದ ಬಳಿ.

ಇಲ್ಲಿ ನಾವು ಎರಡು ದಾರಿಗಳಲ್ಲಿ ಎಡವುತ್ತೇವೆ. ಕೆಲವರು, ಎಕರೆಗಟ್ಟಲೆ ಜಾಗ ಸಿಗಲಿ, ಮೂರಂತಸ್ತು ಏಳಲಿ, ಆಮೇಲೆ ಶಾಲೆ ಎನ್ನುತ್ತಾರೆ. ಅಷ್ಟರಲ್ಲಿ ಒಂದು ತಲೆಮಾರು ಕೈತಪ್ಪಿ ಹೋಗುತ್ತದೆ. ಇನ್ನು ಕೆಲವರು, ಅಂಗಡಿಯ ಮೇಲಿನ ಖಾಲಿ ಕೋಣೆಯಾದರೂ ಸಾಕು, ನಾಳೆಯೇ ಆರಂಭಿಸೋಣ ಎನ್ನುತ್ತಾರೆ. ಅದರಲ್ಲಿ ಮಕ್ಕಳ ಜೀವವನ್ನೇ ಪಣಕ್ಕಿಡುವ ಅಪಾಯವಿದೆ. ಕಟ್ಟಡ ಚಿಕ್ಕದಾಗಿರಬಹುದು, ಹಳೆಯದಾಗಿರಬಹುದು. ಆದರೆ ಅದು ಸುರಕ್ಷಿತವಾಗಿರಬೇಕು, ಅದರ ಕಾಗದಪತ್ರಗಳು ಶುದ್ಧವಾಗಿರಬೇಕು ಎಂಬುದು ನಮ್ಮ ನಿಲುವು.

ಚಿಕ್ಕ ಸೂರಿಗೆ ನಾಚಿಕೊಳ್ಳಬೇಕಾಗಿಲ್ಲ. ಮಕ್ಕಾದ ಸಫಾ ಬೆಟ್ಟದ ಬಳಿಯಿದ್ದ ಅರ್ಕಮ್(ರ) ಅವರ ಮನೆಯೇ ಇಸ್ಲಾಮಿನ ಮೊದಲ ಪಾಠಶಾಲೆ. ಮದೀನಾದಲ್ಲಿ ಮಸೀದಿಯ ನೆರಳಿನ ಜಗುಲಿ ‘ಸುಫ್ಫಾ’ ಬಡ ಸಹಾಬಿಗಳ ವಿದ್ಯಾಲಯವಾಯಿತು. ಆ ಮಸೀದಿಯ ನಿವೇಶನ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದು. ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿ(ಸ) ಒಪ್ಪದೆ ಬೆಲೆ ತೆತ್ತೇ ಪಡೆದರು. ಸದುದ್ದೇಶವಿದೆಯೆಂಬ ಮಾತ್ರಕ್ಕೆ ಇನ್ನೊಬ್ಬರ ಜಾಗದ ಮೇಲೆ ನಮಗೆ ಹಕ್ಕು ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ನಮ್ಮ ನಾಡಿನಲ್ಲೇ ಬೀದರಿನ ಶಾಹೀನ್ ಸಂಸ್ಥೆ 1989ರಲ್ಲಿ ಆರಂಭವಾದಾಗ ಅಲ್ಲಿದ್ದ ಮಕ್ಕಳು ಇಪ್ಪತ್ತಕ್ಕಿಂತ ಕಡಿಮೆ. ಇಂದು ಅದು ಹಾಫಿಝ್‌ಗಳನ್ನೂ ಓದು ಬಿಟ್ಟವರನ್ನೂ ಮತ್ತೆ ತರಗತಿಗೆ ತರುವ ಕಾರ್ಯಕ್ಕೆ ಹೆಸರಾಗಿದೆ. ಅಮೆರಿಕದಲ್ಲಿ ಸರಕಾರದ ಹಣದಿಂದ, ಆದರೆ ಸ್ವತಂತ್ರ ಆಡಳಿತದಿಂದ ನಡೆಯುವ ‘ಚಾರ್ಟರ್’ ಶಾಲೆಗಳಿವೆ. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ತೆರೆದ ಅವುಗಳಲ್ಲಿ ಮೊದಲನೆಯದು ಓದು ಬಿಟ್ಟ ಹರೆಯದವರಿಗಾಗಿಯೇ ಹುಟ್ಟಿದ್ದು. ನಗರಾಡಳಿತದ ಕ್ರೀಡಾಕೇಂದ್ರವೊಂದರಲ್ಲಿ ಅದು ನೆಲೆ ಕಂಡಿತು.

ಆದರೆ ಚಿಕ್ಕದೆಂದರೆ ಅಪಾಯಕಾರಿ ಎಂದಾಗಬಾರದು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲಾ ಕಟ್ಟಡದಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿಗೆ 94 ಎಳೆಯ ಜೀವಗಳು ಬಲಿಯಾದವು. ಹುಲ್ಲಿನ ಛಾವಣಿ, ಇಕ್ಕಟ್ಟಾದ ದಾರಿ, ಕಿಕ್ಕಿರಿದ ಮಕ್ಕಳು: ಇವೇ ಕಾರಣ. ಆ ದುರಂತದ ಹಿನ್ನೆಲೆಯಲ್ಲೇ ಸುಪ್ರೀಂ ಕೋರ್ಟ್ 2009ರಲ್ಲಿ ಶಾಲೆಗಳ ಅಗ್ನಿಸುರಕ್ಷತೆಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷದ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿ ಶಿಕ್ಷಕರಿಗೊಂದು ಕೋಣೆ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ನೀರು, ಆಟದ ಬಯಲು, ಸುತ್ತುಗೋಡೆ, ಅಂಗವಿಕಲ ಮಗುವೂ ಒಳಬರಬಲ್ಲ ಬಾಗಿಲು ಇರಬೇಕೆಂದು ವಿಧಿಸಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದೆಂದು 2014ರಲ್ಲಿ ನ್ಯಾಯಾಲಯ ಹೇಳಿದೆಯಾದರೂ, ಮಕ್ಕಳ ಸುರಕ್ಷತೆಯ ಹೊಣೆಯಿಂದ ನಮಗೆ ವಿನಾಯಿತಿಯಿಲ್ಲ. ಹಾದಿಯ ಮುಳ್ಳನ್ನು ಸರಿಸುವುದನ್ನೂ ವಿಶ್ವಾಸದ ಅಂಗವೆಂದು ಕಲಿತವರು ನಾವು.

ಬೀದರಿನಲ್ಲಿ 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದ್ರಸಾದಲ್ಲಿ ಗ್ರಂಥಾಲಯ, ಪಾಠದ ಮಂಟಪಗಳು, ಗುರುಶಿಷ್ಯರ ವಸತಿ ಎಲ್ಲವೂ ಗಾಳಿಬೆಳಕಿನ ಅಂಗಳದ ಸುತ್ತ ನೆಲೆಗೊಂಡಿದ್ದವು. ಮುಂದೆ ಅಲ್ಲಿ ಸಿಡಿಮದ್ದು ಶೇಖರಿಸಲಾಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸ್ಫೋಟಕ್ಕೆ ಅದರ ದೊಡ್ಡ ಭಾಗವೇ ಉರುಳಿತು. ಗ್ಯಾಸ್ ಸಿಲಿಂಡರ್ ಗೋದಾಮಿನ ಮೇಲ್ಮಹಡಿಯನ್ನು ಶಾಲೆಗೆ ನೋಡುವವರು ಈ ಅಳಿದುಳಿದ ಗೋಡೆಗಳನ್ನೊಮ್ಮೆ ನೆನೆಯಲಿ.

ಸಂಕೇಶ್ವರದಲ್ಲಿ ಜಾಗ ನೋಡುವಾಗ ಇನ್ನೆರಡು ಸಂಗತಿಗಳನ್ನು ಮರೆಯಲಾಗದು. ಒಂದು ಹಿರಣ್ಯಕೇಶಿ ನದಿ. 2019ರ ಆಗಸ್ಟ್ ನೆರೆಯನ್ನು ಬೆಳಗಾವಿ ಜಿಲ್ಲೆ ಮರೆತಿಲ್ಲ. ಹೊಳೆದಂಡೆಯ ತಗ್ಗಿನ ಜಾಗ ಅಗ್ಗವೆಂದು ಮಾರುಹೋಗಬಾರದು. ಇನ್ನೊಂದು ಪುಣೆ-ಬೆಂಗಳೂರು ಹೆದ್ದಾರಿ. ಮಗು ದಿನವೂ ಅದನ್ನು ದಾಟಬೇಕಾದ ಕಟ್ಟಡ ಎಷ್ಟೇ ಚೆಂದವಿದ್ದರೂ ಬೇಡ. ಹೆಣ್ಣುಮಕ್ಕಳು ನಡೆದೇ ಬರುವಂತಿದ್ದರೆ ಅವರ ಓದು ಉಳಿಯುತ್ತದೆ. ದೂರ ಹೆಚ್ಚಿದಷ್ಟೂ ಮನೆಯವರು ಹಿಂದೆಗೆಯುತ್ತಾರೆ.

ಹಾಗಾದರೆ ಹುಡುಕುವುದೆಲ್ಲಿ? ಮೊದಲು ನಮ್ಮಲ್ಲಿರುವುದನ್ನೇ ನೋಡೋಣ. ಮುಂಜಾನೆ, ಸಂಜೆ ಮಾತ್ರ ತೆರೆಯುವ ಮದ್ರಸಾ ಕೋಣೆಗಳು ಹಗಲೆಲ್ಲ ಬೀಗ ಹಾಕಿಕೊಂಡಿರುತ್ತವೆ. ಶಾದಿಮಹಲ್‌ಗಳು ವರ್ಷದ ಬಹುದಿನ ಖಾಲಿ. ವಕ್ಫ್ ಆಸ್ತಿಯಾದರೆ ದಾನಿಯ ಉದ್ದೇಶಕ್ಕೆ ಧಕ್ಕೆಯಾಗದಂತೆ, ಮಂಡಳಿಯ ಅನುಮತಿ ಪಡೆದೇ ಬಳಸಬೇಕು. ಬಾಡಿಗೆಯ ಮನೆಯಾದರೆ ಹನ್ನೊಂದು ತಿಂಗಳ ಕರಾರು ಸಾಲದು. ನೋಂದಾಯಿತ ದೀರ್ಘಾವಧಿ ಗುತ್ತಿಗೆ ಬೇಕು, ಇಲ್ಲವಾದರೆ ಮಧ್ಯವರ್ಷದಲ್ಲಿ ಮಕ್ಕಳು ಬೀದಿಗೆ ಬೀಳುತ್ತಾರೆ. ಹೊಲದ ಜಾಗವಾದರೆ ಎನ್.ಎ. ಆಗಿದೆಯೇ ಎಂದು ನೋಡಬೇಕು. ಕಟ್ಟಡದ ಗಟ್ಟಿತನವನ್ನು ಎಂಜಿನಿಯರರಿಂದ ಪರೀಕ್ಷಿಸಿ, ಹುಕ್ಕೇರಿಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿದ ನಂತರವೇ ಮುಂಗಡ ಕೊಡುವುದು ವಿವೇಕ.

ಮನೆ ಕಟ್ಟಿಸುವಾಗ ಒಂದೊಂದು ಕಿಟಕಿಗೂ ಯೋಚಿಸುವ ನಾವು, ನೂರು ಮಕ್ಕಳು ಕೂರುವ ಕೋಣೆಗೆ ಅದಕ್ಕಿಂತ ಕಡಿಮೆ ಯೋಚಿಸುವುದು ನ್ಯಾಯವಲ್ಲ. ಮಕ್ಕಳು ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಸ್ವಂತ ಕಟ್ಟಡವುಳ್ಳ ಸಿರಿವಂತರು ಒಂದು ಅಂತಸ್ತನ್ನು ಹತ್ತು ವರ್ಷ ಬಿಟ್ಟುಕೊಟ್ಟರೆ, ಅಲ್ಲಿ ಕಲಿತ ಪ್ರತಿಯೊಂದು ಅಕ್ಷರವೂ ಅವರ ಪಾಲಿಗೆ ಸದಕಾ ಜಾರಿಯಾ ಆದೀತು. ಅಂತಹ ಉದಾರ ಮನಸ್ಸನ್ನೂ, ಅದನ್ನು ಜಾಗರೂಕತೆಯಿಂದ ನಿರ್ವಹಿಸುವ ವಿವೇಕವನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.